ಉದ್ದಿನ ಕಾಳು ಮುಳುಗುವಷ್ಟು ನೀರು

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ‘ಅಂಟು’ ಎಂದು ಹೇಳಿ ಸುಮ್ಮನಾಗಿಬಿಡುತ್ತೇನೆ. ವಿವರಿಸಲು ಹೊರಟರೆ ಕೇಳಿದವರೇ ಆಕಳಿಸುತ್ತಾರೆ. ನೀರಿಗೆ ಚಿಟಿಕೆ ಪುಡಿ ಹಾಕಿ ಮಂದ ಮಾಡುವುದು, ಹಾಗೆ ಮಂದವಾದದ್ದು ಯಾವಾಗ ನಿಲ್ಲುತ್ತದೆ, ಯಾವಾಗ ಹರಿಯುತ್ತದೆ ಎಂದು ಅಳೆಯುವುದು, ಕೆಮಿಕಲ್ ಎಂಜಿನಿಯರಿಂಗ್ ಓದಿ ಇಷ್ಟು ವರ್ಷ ನಾನು ಮಾಡುತ್ತ ಬಂದದ್ದು ಇದನ್ನೇ. ಟೂತ್‌ಪೇಸ್ಟು ಬ್ರಷ್ಷಿನ ಮೇಲೆ ಅಲುಗದೆ ಕೂರುತ್ತದಲ್ಲ, ಬಾಟಲಿಯ ಸಾಸು ತಟ್ಟಿದರೆ ಮಾತ್ರ ಇಳಿಯುತ್ತದಲ್ಲ, ಕಣ್ಣಿಗೆ ಹಾಕಿದ ಔಷಧದ ಹನಿ ತಕ್ಷಣ ಕೆನ್ನೆಗೆ ಜಾರದೆ ಒಂದಿಷ್ಟು ಹೊತ್ತು ಅಲ್ಲೇ ನಿಲ್ಲುತ್ತದಲ್ಲ, ಅದೆಲ್ಲ ಅಂಟಿನ ಕೆಲಸ. ಕೆಲವು ಅಂಟು ಗಿಡದ ಬೀಜದಿಂದ ಬರುತ್ತವೆ, ಕೆಲವನ್ನು ಬ್ಯಾಕ್ಟೀರಿಯಾ ತಯಾರಿಸುತ್ತವೆ. ನನ್ನದು ಎರಡನೆಯ ಜಾತಿ. ಬನಾರಸಿನ ಮಿಠಾಯಿ ಅಂಗಡಿಯವರು ಹಾಲು ಒಡೆದು ಛೇನಾ ತೆಗೆದ ಮೇಲೆ ಚರಂಡಿಗೆ ಚೆಲ್ಲುವ ನೀರನ್ನು ಕ್ಯಾನಿನಲ್ಲಿ ತರಿಸಿ, ಅದನ್ನೇ ಬ್ಯಾಕ್ಟೀರಿಯಾಗಳಿಗೆ ಉಣ್ಣಿಸಿ, ಅವುಗಳಿಂದ ಅಂಟು ತೆಗೆಸುತ್ತೇನೆ. ಲ್ಯಾಬಿನಲ್ಲಿ ಸದಾ ಹುಳಿ ಮಜ್ಜಿಗೆಯ ವಾಸನೆ. ನನ್ನ ಸೀರೆಗೂ ಅದೇ ವಾಸನೆ.

ಈ ಊರಿಗೆ ಬಂದದ್ದು ಕೆಲಸಕ್ಕೆ, ಪುಣ್ಯಕ್ಕಲ್ಲ. ‘ಕಾಶಿಯಲ್ಲಿದ್ದೀಯಾ, ಪುಣ್ಯವಂತೆ ಕಣೇ’ ಎಂದು ಮೈಸೂರಿನ ಕಡೆಯವರು ಫೋನಿನಲ್ಲಿ ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಒಬ್ಬಳೇ ಮಗಳು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಪುಣ್ಯವಂತೆ ಎನ್ನುವ ಫೋನುಗಳೂ ನಿಂತವು. ಕ್ಯಾಂಪಸ್ಸಿನ ಕ್ವಾರ್ಟರ್ಸಿನಲ್ಲಿ ಸಂಜೆ ಬಾಗಿಲು ಹಾಕಿಕೊಂಡರೆ ಬೆಳಿಗ್ಗೆಯವರೆಗೆ ಬಾಯಿ ಬಿಡುವ ಪ್ರಮೇಯವೇ ಇರಲಿಲ್ಲ. ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಬ್ಯಾಕ್ಟೀರಿಯಾ ಬೆಳೆಯುವ ಡ್ರಮ್ಮಿನ ಹತ್ತಿರ ನಿಂತು ‘ಏನ್ರಪ್ಪಾ, ಊಟ ಆಯ್ತಾ’ ಎಂದು ಕನ್ನಡದಲ್ಲಿ ಕೇಳುತ್ತಿದ್ದೆ. ಇದನ್ನು ಹುಚ್ಚು ಎನ್ನುವವರು ಒಂದು ವರ್ಷ ತಮ್ಮ ಭಾಷೆ ಕಿವಿಗೆ ಬೀಳದ ಕಡೆ ಇದ್ದು ನೋಡಲಿ.

ಒಂದು ಭಾನುವಾರ ಕೇದಾರ ಘಾಟಿನ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಪಕ್ಕದ ಮೇಜಿನಿಂದ ಒಂದು ಧ್ವನಿ ಕೇಳಿಸಿತು. “ಇದಕ್ಕ ಸಾಂಬಾರ ಅಂತ ಹೆಸರಿಟ್ಟಾವನ್ನ ನನ್ನ ಮುಂದ ಕರಕೊಂಡ ಬಾ ನೋಡೋಣ!” ನಾನು ಫಕ್ಕನೆ ನಕ್ಕುಬಿಟ್ಟೆ. ಬಿಳಿ ಪಂಚೆಯ, ಎಪ್ಪತ್ತು ದಾಟಿದ ಮನುಷ್ಯ ತಿರುಗಿ ನೋಡಿ, “ನಕ್ಕಿ ಅಂದ್ರ ಕನ್ನಡದಾಕಿ. ಯಾರ ಪೈಕಿ ಯವ್ವಾ ನೀ?” ಎಂದು ಕೇಳಿದರು. ಆವತ್ತು ಮಾತು ಮುಗಿಯುವ ಹೊತ್ತಿಗೆ ಇಡ್ಲಿ ಆರಿ ಕಲ್ಲಾಗಿತ್ತು. ಮುಂದಿನ ತಿಂಗಳು ನಾನು ಕ್ವಾರ್ಟರ್ಸು ಬಿಟ್ಟು ಹನುಮಾನ್ ಘಾಟಿನ ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿದ್ದೆ.

ಅವರನ್ನು ಎಲ್ಲರೂ ಆಚಾರ್ಯರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಧಾರವಾಡದ ಕಡೆಯಿಂದ ಅವರ ಅಜ್ಜ ಬಂದು ನೆಲೆಸಿದ ಮನೆ ಅದು. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ, ಅಸ್ಥಿ ವಿಸರ್ಜನೆ ಮಾಡಿಸುವುದು ಮನೆತನದ ಕೆಲಸ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜೊತೆಗಿದ್ದವರು ಅಣ್ಣನ ಮಗ ಮತ್ತು ಅವನ ಹೆಂಡತಿ. ಆ ಹುಡುಗ ಮಂತ್ರವನ್ನು ಚೊಕ್ಕವಾಗಿ ಹೇಳುತ್ತಿದ್ದ, ಆದರೆ ಕನ್ನಡ ಮಾತಾಡಲು ಕೂತರೆ ಎರಡನೆಯ ವಾಕ್ಯಕ್ಕೇ ಹಿಂದಿಗೆ ಹಾರುತ್ತಿದ್ದ. ಹಾಗಾಗಿ ಆಚಾರ್ಯರಿಗೂ ನನ್ನಷ್ಟೇ ಮಾತಿನ ಹಸಿವಿತ್ತು. ಲ್ಯಾಬಿನಿಂದ ಬಂದವಳು ಒಳ ಅಂಗಳದ ಕಟ್ಟೆಯ ಮೇಲೆ ಚೀಲ ಇಟ್ಟರೆ ಸಾಕು, “ಬಾ, ಕೂಡು. ಇವತ್ತ ನಿನ್ನ ಅಂಟು ಏನಂತು?” ಎಂದು ಶುರು ಮಾಡುವರು. ಯಾತ್ರಿಕರ ಕತೆ, ಕೋತಿಗಳ ಮೇಲಿನ ದೂರು, ಹೆಂಡತಿಯ ಕೈಯಡುಗೆಯ ನೆನಪು, ಎಲ್ಲ ಬರುತ್ತಿತ್ತು. ಇಡೀ ದಿನದ ನನ್ನ ಕನ್ನಡವೆಲ್ಲ ಆ ಕಟ್ಟೆಯ ಮೇಲೆ ಖರ್ಚಾಗುತ್ತಿತ್ತು.

ಆ ಮಳೆಗಾಲದಲ್ಲಿ ಹೊಳೆ ಮೆಟ್ಟಿಲು ನುಂಗಿ ಗಲ್ಲಿಯ ಬಾಯಿಗೆ ಬಂದಿದ್ದಾಗ ಆಚಾರ್ಯರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಎಡಗೈ ಜೋಮು ಹಿಡಿದಂತಿತ್ತು, ನಾಲಗೆ ಭಾರವಾಗಿತ್ತು. ಬುದ್ಧಿ, ನೆನಪು ಎಲ್ಲ ಮೊದಲಿನಂತೆಯೇ ಇದ್ದವು. ಆದರೆ ಒಂದೊಂದು ಮಾತಿಗೂ ಅವರು ಭಾರ ಎತ್ತುವವರ ಹಾಗೆ ಉಸಿರು ಕಟ್ಟಬೇಕಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟ ನೀರಿನದು. ನುಂಗುವುದನ್ನು ಕಲಿಸುವ ಆಸ್ಪತ್ರೆಯ ತರಬೇತುದಾರಳು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದಳು. ಗಂಟಲಿನಲ್ಲಿ ಎರಡು ದಾರಿ, ಒಂದು ಉಸಿರಿಗೆ, ಒಂದು ಅನ್ನಕ್ಕೆ. ನುಂಗುವಾಗ ಉಸಿರಿನ ದಾರಿಗೆ ಮುಚ್ಚಳ ಬೀಳುತ್ತದೆ. ಇವರಿಗೆ ಈಗ ಆ ಮುಚ್ಚಳ ಬೀಳುವುದು ಚೂರು ತಡ. ಗಂಜಿಯಂಥದ್ದು ನಿಧಾನ ಬರುತ್ತದೆ, ಅಷ್ಟರಲ್ಲಿ ಮುಚ್ಚಿಕೊಂಡಿರುತ್ತದೆ. ನೀರಿಗೆ ಮಾತ್ರ ಎಲ್ಲಿಲ್ಲದ ಅವಸರ, ಮುಚ್ಚಳಕ್ಕಿಂತ ಮುಂಚೆ ಓಡಿಹೋಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ತೆಳು ನೀರು ಒಂದು ಗುಟುಕೂ ಕೂಡದು ಎಂದಳು.

ಆಮೇಲೆ ಆ ಮನೆಯಲ್ಲಿ ನೀರು ಕದ್ದು ಕುಡಿಯುವ ಪದಾರ್ಥವಾಯಿತು. ಹುಡುಗನ ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಲೋಟ ಎತ್ತುತ್ತಿದ್ದಳು. ನಾನು ಮಹಡಿಗೆ ಹೋಗಿ ಕುಡಿದು ಬರುತ್ತಿದ್ದೆ. ಆಚಾರ್ಯರು ಮಂಚದ ಮೇಲೆ ಒರಗಿ ಕಿಟಕಿಯಾಚೆ ನೋಡುತ್ತಿದ್ದರು. ಆಚೆ ಇರುವುದೆಲ್ಲ ನೀರೇ, ದಡ ಕಾಣದ ಹಾಗೆ ನೀರು. ತುಟಿಗೆ ಒದ್ದೆ ಬಟ್ಟೆ ಸವರಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸಂಜೆ ನಾನು ಕಟ್ಟೆಯ ಮೇಲೆ ಕೂತು ಒಬ್ಬಳೇ ಮಾತಾಡುತ್ತಿದ್ದೆ, ಅವರು ‘ಹೂಂ’ ಎನ್ನುತ್ತಿದ್ದರು. ಕೆಲವು ದಿನ ಅದೂ ಇಲ್ಲ. ಡ್ರಮ್ಮಿನ ಜೊತೆ ಮಾತಾಡುವುದೂ ಇದೂ ಒಂದೇ ಆಯಿತಲ್ಲ ಎಂದು ನನಗೆ ದಿಗಿಲಾಗುತ್ತಿತ್ತು. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಅವರ ಬಗ್ಗೆ ಎಷ್ಟು ಸಂಕಟವಿತ್ತೋ ನನ್ನ ಬಗ್ಗೆಯೂ ಅಷ್ಟೇ ಇತ್ತು.

ನವರಾತ್ರಿ ಕಳೆದ ಮೇಲೆ ಒಂದು ಸಂಜೆ ಅವರೇ ಬಾಯಿಬಿಟ್ಟರು. “ಮಾರ್ಗಶಿರದಾಗ… ಆಕಿ ಶ್ರಾದ್ಧ.”

ಆಕೆ ಎಂದರೆ ಹೆಂಡತಿ. ಮಕ್ಕಳಿಲ್ಲದ್ದರಿಂದ ಪ್ರತಿ ವರ್ಷ ಅವರೇ ಮಾಡುತ್ತಿದ್ದರು. ಯಾವ ಕರ್ಮಕ್ಕಾದರೂ ಮೊದಲು ಆಚಮನ. ಬಲ ಅಂಗೈಯನ್ನು ಹಸುವಿನ ಕಿವಿಯ ಹಾಗೆ ಮಡಚಿ, ಉದ್ದಿನ ಕಾಳು ಮುಳುಗುವಷ್ಟು ನೀರು ಹಾಕಿಕೊಂಡು, ಕೇಶವ, ನಾರಾಯಣ, ಮಾಧವ ಎಂದು ಮೂರು ಸಲ ಸದ್ದಿಲ್ಲದೆ ಕುಡಿಯಬೇಕು. ಅದಾಗದೆ ಮುಂದಿನ ಯಾವುದೂ ಆಗುವುದಿಲ್ಲ. ಹುಡುಗ ಮಂಚದ ಪಕ್ಕ ಕೂತು ಸಮಾಧಾನದ ದಾರಿ ಹೇಳಿದ. “ಕಾಕಾ, ಬೀಮಾರ್ ಇದ್ದವರಿಗೆ ಬಲಗಿವಿ ಮುಟ್ಟಿಕೊಂಡ್ರ ನಡೀತದ ಅಂತ ನೀವ ಎಲ್ಲಾರಿಗೂ ಹೇಳ್ತಿದ್ದ್ರಿ. ಇಲ್ಲಾಂದ್ರ ನಾನ ಮಾಡ್ತೀನಿ, ನೀವು ಬರೇ ಕೂತು ನೋಡ್ರಿ.”

ಆಚಾರ್ಯರು ತಲೆಯಾಡಿಸಿದರು. “ಮಂದಿಗೆ ಹೇಳ್ತಿದ್ದೆ, ಖರೇ. ನನಗ… ಮನಸ್ಸು ಒಪ್ಪವಲ್ಲದು.” ಇಷ್ಟು ಹೇಳುವಷ್ಟರಲ್ಲಿ ಹಣೆ ಬೆವರಿತ್ತು. ಸ್ವಲ್ಪ ಸುಧಾರಿಸಿಕೊಂಡು ನನ್ನ ಕಡೆ ತಿರುಗಿ, “ನಿನ್ನ ಅಂಟು ಏನ್ ಮಾಡ್ತದ?” ಎಂದರು.

ಅಯ್ಯೋ, ನನ್ನ ಮಂಕು ಬುದ್ಧಿಗೆ ಏನು ಹೇಳಲಿ! ನೀರನ್ನು ನಿಧಾನ ಮಾಡುವುದೇ ನನ್ನ ಅನ್ನದ ದಾರಿ. ಮನೆಯಲ್ಲಿ ಒಬ್ಬರು ನೀರಿನ ಅವಸರದಿಂದ ಒದ್ದಾಡುತ್ತಿದ್ದರೆ ಮಹಡಿಗೆ ಹೋಗಿ ಕದ್ದು ಕುಡಿಯುತ್ತಿದ್ದೆನೇ ಹೊರತು ಇದು ನನಗೆ ಹೊಳೆದಿರಲಿಲ್ಲ. ಆಸ್ಪತ್ರೆಯವರು ಮೊದಲೇ ಒಂದು ಡಬ್ಬಿ ಪುಡಿ ಕೊಟ್ಟಿದ್ದರಂತೆ. ಹುಡುಗನ ಹೆಂಡತಿ ಅದನ್ನು ತೋರಿಸಿದಳು. ಓದಿ ನೋಡಿದರೆ ಬೇಯಿಸಿ ಒಣಗಿಸಿದ ಜೋಳದ ಹಿಟ್ಟಿನ ಗಂಜಿಪುಡಿ. ಬೇಯಿಸಿದ ಧಾನ್ಯ ಎಂದರೆ ಮುಸುರೆ, ಅದು ಆಚಮನದ ಪಾತ್ರೆಗೆ ಬರುವಂತಿಲ್ಲ. ಬರೀ ಶಾಸ್ತ್ರದ ತಕರಾರೂ ಅಲ್ಲ, ಎಂಜಲು ತಾಗಿದರೆ ಗಂಜಿ ಬಾಯಲ್ಲೇ ನೀರಾಗಿಬಿಡುತ್ತದೆ, ಜೊಲ್ಲಿನಲ್ಲಿ ಗಂಜಿಯನ್ನು ಕತ್ತರಿಸುವ ಕಿಣ್ವ ಇದೆ. ಲೋಟದಲ್ಲಿ ಮಂದವಾಗಿದ್ದದ್ದು ಬಾಯಲ್ಲಿ ನಿಧಾನ ಮಾಡಿದಷ್ಟೂ ತೆಳುವಾಗಿ ಗಂಟಲಿಗೆ ಜಾರಬಹುದು. ಡಬ್ಬಿಯನ್ನು ಪಕ್ಕಕ್ಕಿಟ್ಟೆ.

ಲ್ಯಾಬಿಗೆ ಹೋಗಿ ನನ್ನ ಮನಸ್ಸಿನಲ್ಲೇ ಷರತ್ತುಗಳನ್ನು ಹೊಂದಿಸಿಕೊಂಡೆ. ಇಷ್ಟು ವರ್ಷ ಸರ್ಕಾರದ ಯಾವ ಯೋಜನೆಗೂ ಇಂಥ ವಿಚಿತ್ರ ಷರತ್ತು ನನಗೆ ಸಿಕ್ಕಿರಲಿಲ್ಲ. ಗಂಗೆಯ ನೀರೇ ಆಗಬೇಕು, ಆದರೆ ರೋಗಾಣು ಇರಕೂಡದು. ಕುದಿಸುವಂತಿಲ್ಲ, ಏಕೆಂದರೆ ಕಾಯಿಸಿದ ನೀರು ಆಚಮನಕ್ಕೆ ಸಲ್ಲದು. ನೊರೆ, ಗುಳ್ಳೆ ಇರಕೂಡದು. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗಕೂಡದು. ಅಂಗೈಯಿಂದ ತುಟಿಗೆ ತಾನಾಗಿ ಇಳಿಯಬೇಕು, ಗಂಟಲಿನಲ್ಲಿ ಮಾತ್ರ ಅವಸರ ಮಾಡಕೂಡದು. ಕುದಿಸದೆ ರೋಗಾಣು ತೆಗೆಯುವುದು ಸುಲಭವಿತ್ತು. ಬ್ಯಾಕ್ಟೀರಿಯಾ ಕೂಡ ನುಸುಳಲಾಗದಷ್ಟು ಸಣ್ಣ ರಂಧ್ರದ ತೆಳು ಹಾಳೆಯ ಫಿಲ್ಟರನ್ನು ಸಿರಿಂಜಿನ ಮೂತಿಗೆ ಸಿಕ್ಕಿಸಿ ಒತ್ತಿದರೆ ಆಯಿತು. ನೀರಿನಲ್ಲಿ ಕರಗಿದ್ದನ್ನು ಅದು ತೆಗೆಯುವುದಿಲ್ಲ, ಆದರೂ ಹೊಳೆಯ ನಡುವಿನಿಂದ ದೋಣಿಯಲ್ಲಿ ತಂದ ನೀರಿನ ನಾಲ್ಕು ಹನಿಗೆ ತೊಂದರೆಯಿಲ್ಲ ಎಂದು ಡಾಕ್ಟರೂ ಒಪ್ಪಿದರು. ಇನ್ನುಳಿದದ್ದು ಅಂಟು.

ನನ್ನ ಬ್ಯಾಕ್ಟೀರಿಯಾದ ಅಂಟನ್ನು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕ್ರಿಮಿ ಮಾಡಿದ ಪದಾರ್ಥವನ್ನು ಈ ಮಡಿವಂತರು ತುಟಿಗೆ ತಾಗಿಸುತ್ತಾರೆಯೇ? ಗಿಡದ್ದೇ ವಾಸಿ ಎಂದುಕೊಂಡೆ. ತಣ್ಣೀರಿನಲ್ಲೇ ಕರಗುವ, ಅಡುಗೆಗೂ ಬಳಸುವ, ಜೊಲ್ಲಿಗೆ ಕರಗದ ಬೀಜದ ಅಂಟು ಅಂಗಡಿಯಲ್ಲೇ ಸಿಗುತ್ತದೆ. ಅದರ ಉದ್ದುದ್ದ ಅಣುಗಳು ನೂಲಿನ ಉಂಡೆಯ ಹಾಗೆ ಸಿಕ್ಕು ಹಾಕಿಕೊಂಡು ನೀರನ್ನು ಹಿಡಿದಿಡುತ್ತವೆ. ಹದ ಸಿಗಲು ಬಹಳ ಸಲ ಕಲಸಿ ಚೆಲ್ಲಬೇಕಾಯಿತು. ಕಲಸಿದಾಗ ಸಿಕ್ಕಿಕೊಂಡ ಗುಳ್ಳೆ ಮೇಲೇಳದೆ ಅಲ್ಲೇ ನಿಂತುಬಿಡುತ್ತಿತ್ತು. ಕೊನೆಗೆ ಗಾಜಿನ ಜಾಡಿಯಲ್ಲಿಟ್ಟು ಕೈ ಪಂಪಿನಿಂದ ಒಳಗಿನ ಗಾಳಿ ಎಳೆದೆ. ಗುಳ್ಳೆಗಳು ಉಬ್ಬಿ, ಮೇಲೆ ಬಂದು, ಒಡೆದುಹೋದವು. ಬೆಳಕಿಗೆ ಹಿಡಿದರೆ ಅಪ್ಪಟ ನೀರು. ತರಬೇತುದಾರಳ ಹತ್ತಿರ ಒಯ್ದೆ. ಅವಳು ಸಿರಿಂಜಿನಲ್ಲಿ ಇಳಿಸಿ ನೋಡಿ, ಇದೇ ಹದ, ಗದ್ದ ಎದೆಗೆ ಬಾಗಿಸಿಕೊಂಡು ಹನಿ ಹನಿಯಾಗಿ ಕುಡಿಸಬಹುದು ಎಂದಳು. ಖುಷಿಗೆ ನನಗೆ ಆಟೋದಲ್ಲಿ ಕೂರಲೂ ಆಗಲಿಲ್ಲ.

ಆ ಸಂಜೆ ಬೆಳ್ಳಿ ಬಟ್ಟಲಿಗೆ ಸುರಿದು ಆಚಾರ್ಯರ ಮುಂದೆ ಹಿಡಿದೆ. ಹುಡುಗ ದಿಂಬು ಕೊಟ್ಟು ಕೂರಿಸಿದ. ಅವರು ಅಂಗೈ ಮಡಚಿದರು, ನಾನು ಉದ್ಧರಣೆಯ ಸೌಟಿನಿಂದ ಹಾಕಿದೆ. ಅದು ಅಂಗೈಯ ನಡುವೆ ದುಂಡಗೆ ನಿಂತಿತು. ತುಟಿಯ ಹತ್ತಿರ ಒಯ್ದವರು ನಿಲ್ಲಿಸಿ, “ಏನ್ ಹಾಕೀಯವಾ?” ಎಂದರು.

“ಕೆಮಿಕಲ್ಲು ಗಿಮಿಕಲ್ಲು ಏನೂ ಇಲ್ಲ ಆಚಾರ್ಯರೇ, ಗಿಡದ್ದೇ,” ಎಂದೆ ಜಂಬದಿಂದ. “ಗೋರಿಕಾಯಿ ಬೀಜದ್ದು.”

ಅಂಗೈ ಮೆಲ್ಲಗೆ ವಾಲಿತು. ನೀರು ಎಳೆಯಾಗಿ ತಟ್ಟೆಗೆ ಇಳಿಯಿತು. ಹಿಂದೆ ನಿಂತಿದ್ದ ಹುಡುಗನ ಹೆಂಡತಿ ಹಣೆ ಚಚ್ಚಿಕೊಂಡಳು. “ಹಾಯ್ ರಾಮ್, ದೀದೀ! ಕಾಕಾ ಗೋರಿಕಾಯಿ ಬಿಟ್ಟಾರ!”

ಕಾಶಿಗೆ ಬಂದವರು ಒಂದು ಕಾಯಿ, ಒಂದು ಹಣ್ಣು ಬಿಟ್ಟುಹೋಗುವ ಪದ್ಧತಿ ಎಲ್ಲರಿಗೂ ಗೊತ್ತು. ಬಿಟ್ಟದ್ದನ್ನು ಆಮೇಲೆ ಬದುಕಿರುವವರೆಗೆ ತಿನ್ನುವಂತಿಲ್ಲ. ನಿಮಗೆ ಇಷ್ಟವಾದದ್ದನ್ನು ಬಿಡಿ ಎಂದು ಆಚಾರ್ಯರು ಹೇಳಿಕೊಟ್ಟರೂ ಮಂದಿ ಹಾಗಲಕಾಯಿ ಬಿಟ್ಟೆ, ಸೀತಾಫಲ ಬಿಟ್ಟೆ ಎಂದು ಜಾಣತನ ಮಾಡುತ್ತಿದ್ದರು. ಈ ಕತೆಯನ್ನು ಅವರು ಎಷ್ಟು ಸಲ ಹೇಳಿ ನಗಿಸಿದ್ದರು! ತಾವು ಏನು ಬಿಟ್ಟಿದ್ದರೆಂದು ಮಾತ್ರ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆಂಡತಿ ಕಾಯಿತುರಿ, ಸಾಸಿವೆ ಹಾಕಿ ಮಾಡುತ್ತಿದ್ದ ಗೋರಿಕಾಯಿ ಪಲ್ಯ ಅವರಿಗೆ ಪ್ರಾಣವಂತೆ. ಆಕೆಯ ಅಸ್ಥಿ ಬಿಟ್ಟ ದಿನ ಹೊಳೆಯಲ್ಲಿ ನಿಂತು ಅದನ್ನೇ ಬಿಟ್ಟಿದ್ದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹಾಗೆ, ಮೊದಲು ಬರುತ್ತದೆ, ಬುದ್ಧಿ ಆಮೇಲೆ ಬರುತ್ತದೆ. “ಇದು ಕಾಯಿಯಲ್ಲ ಆಚಾರ್ಯರೇ! ಬೀಜದ ಒಳಗಿನ ತಿರುಳನ್ನು ಬೀಸಿ, ತೊಳೆದು, ಸೋಸಿದ ಪುಡಿ. ರುಚಿಯಿಲ್ಲ, ವಾಸನೆಯಿಲ್ಲ. ಪಲ್ಯಕ್ಕೂ ಇದಕ್ಕೂ ಯಾವ ಸಂಬಂಧ? ಒಂದು ಗುಟುಕು ನೀರಿಗೆ ತಿಂಗಳುಗಟ್ಟಲೆ ಬಾಯಿ ಬಿಡುತ್ತಿದ್ದೀರಿ, ಕೊಟ್ಟರೆ ಬೇಡ ಅಂತೀರಾ?”

ಅವರು ನನ್ನನ್ನು ನೋಡುತ್ತ ಬಹಳ ಹೊತ್ತು ತೆಗೆದುಕೊಂಡು, ಒಂದೊಂದೇ ಪದ ಜೋಡಿಸಿ ಹೇಳಿದರು. “ಕಾಯಿ ಬಿಟ್ಟೀನಿ… ಬೀಜ ಬಿಟ್ಟಿಲ್ಲ… ಅಂತ ಆಕಿಗೆ ಹೆಂಗ ಹೇಳ್ಲೆವಾ?”

ನಾನು ಬಟ್ಟಲು ಅಲ್ಲೇ ಇಟ್ಟು ಮಹಡಿಗೆ ಹೋದೆ. ಆಮೇಲೆ ಕೆಲವು ದಿನ ಕೆಳಗೆ ಮಾತಾಡಲು ಇಳಿಯಲಿಲ್ಲ. ಬೆಳಿಗ್ಗೆ ಅಂಗಳ ದಾಟುವಾಗ ಮುಖ ತಿರುಗಿಸಿ ಹೋಗುತ್ತಿದ್ದೆ. ಸಂಜೆ ಬೇಕೆಂದೇ ತಡ ಮಾಡಿ ಹರಿಶ್ಚಂದ್ರ ಘಾಟಿನ ಕಡೆಯಿಂದ ಸುತ್ತಿ ಬರುತ್ತಿದ್ದೆ. ಚಳಿ ಶುರುವಾಗಿತ್ತು, ಹೊಳೆ ಇಳಿದು ಮೆಟ್ಟಿಲ ಮೇಲೆ ಕೆಸರು ಬಿಟ್ಟಿತ್ತು. ಒಂದೆಡೆ ಕೂತು ಕಡ್ಲೆಕಾಯಿ ಬಿಡಿಸುತ್ತ ಎದುರು ದಡ ನೋಡುತ್ತಿದ್ದೆ. ಎಷ್ಟೋ ಜನ ಪಕ್ಕದಿಂದ ಹಾದುಹೋಗುತ್ತಿದ್ದರು, ಯಾರ ಮಾತೂ ನನ್ನನ್ನು ಕುರಿತದ್ದಲ್ಲ. ಸತ್ತ ಹೆಂಡತಿಗೆ ಈ ಮನುಷ್ಯ ಇಷ್ಟೊಂದು ಲೆಕ್ಕ ಒಪ್ಪಿಸುತ್ತಾರೆ, ನನಗೆ ಲೆಕ್ಕ ಒಪ್ಪಿಸಲು ಬದುಕಿದವರು ಸತ್ತವರು ಯಾರೂ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಮಾರ್ಗಶಿರ ಹತ್ತಿರ ಬರುತ್ತಿತ್ತು. ಸಿಟ್ಟು ಇಳಿದ ಮೇಲೆ ಉಳಿದದ್ದು ಬ್ಯಾಕ್ಟೀರಿಯಾ ಮಾತ್ರ. ನನ್ನ ಲ್ಯಾಬಿನಲ್ಲಿ ಬೆಳೆಸಿದ್ದನ್ನು ಮನುಷ್ಯರ ಬಾಯಿಗೆ ಹಾಕುವುದು ತಪ್ಪು. ಅದೇ ಜಾತಿಯ ಅಂಟು, ಆಹಾರಕ್ಕೆಂದು ಶುದ್ಧ ಮಾಡಿದ್ದು, ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಬೇಕರಿಯವರು ಒಯ್ಯುತ್ತಾರೆ. ಅದನ್ನು ತಂದೆ. ಈ ಸಲ ಕಲಸುವ ಮೊದಲೇ ಎಲ್ಲ ಹೇಳಿಬಿಡುವುದೆಂದು ಪ್ಯಾಕೆಟ್ಟು ಹಿಡಿದು ಮಂಚದ ಪಕ್ಕ ಕೂತೆ. ನಾಲ್ಕು ದಿನ ಮಾತು ಬಿಟ್ಟದ್ದಕ್ಕೆ ಅವರು ಏನೂ ಅನ್ನಲಿಲ್ಲ, “ಬಾ, ಕೂಡು” ಎಂದರು. ಆ ಎರಡು ಪದವನ್ನು ನಾನು ಎಷ್ಟು ಕಾದಿದ್ದೆನೋ ನನಗೇ ತಿಳಿದಿರಲಿಲ್ಲ.

“ಆಚಾರ್ಯರೇ, ಇದು ಗಿಡದ್ದಲ್ಲ. ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆ ತಿಂದು ತಮ್ಮ ಮೈಸುತ್ತ ಹೊದಿಕೆಯ ಹಾಗೆ ಅಂಟು ಬಿಡುತ್ತವೆ. ಅದನ್ನು ಬೇರೆ ಮಾಡಿ, ತೊಳೆದು, ಒಣಗಿಸಿದ ಪುಡಿ ಇದು. ಅವುಗಳ ಎಂಜಲು ಅನ್ನುವುದಾದರೆ ಅನ್ನಿ, ನಾನು ಮುಚ್ಚಿಡುವುದಿಲ್ಲ.”

ಅವರು ಪ್ಯಾಕೆಟ್ಟಿನೊಳಗೆ ಇಣುಕಿದರು. ಮೂಸಿದರು. ಹುಡುಗನ ಮುಖ ನೋಡಿದರು, ಅವನು ನೆಲ ನೋಡಿದ. ಇದಾದ ಮೇಲೆ ನನ್ನ ಬಳಿ ಇನ್ನೇನೂ ಇರಲಿಲ್ಲ.

“ಮೊಸರು,” ಎಂದರು ಆಚಾರ್ಯರು. “ಮೊಸರು ತಿಂತೀವಲ್ಲ.” ಸೊಟ್ಟಗಾದ ತುಟಿಯಲ್ಲೇ ನಕ್ಕರು. ಕಾಯಿಲೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಇನ್ನೊಂದು ತೊಡಕು ಉಳಿದಿತ್ತು, ಮಡಿಯದು. ಶ್ರಾದ್ಧದ ನೀರನ್ನು ಲ್ಯಾಬಿನಿಂದ ಬಂದ ನಾನು ಕಲಸುವಂತಿಲ್ಲ. ಒಣಗಿದ ಪುಡಿಗೆ ಮೈಲಿಗೆ ಇಲ್ಲ, ನೀರು ಬೆರೆಸುವ ಕೈ ಮಾತ್ರ ಮಡಿಯಾಗಿರಬೇಕು. ಸರಿ, ಹುಡುಗನಿಗೇ ಕಲಿಸಿದೆ. ಶ್ರಾದ್ಧದ ದಿನ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಕಿಟಕಿಯಲ್ಲಿ ಹೊಳೆಯೇ ಇರಲಿಲ್ಲ. ಹುಡುಗ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಹಲ್ಲು ಕಟಕಟಿಸುತ್ತ ಅಡುಗೆಮನೆಯಲ್ಲಿ ಕೂತ. ನಾನು ಹೊಸ್ತಿಲಾಚೆ ನಿಂತು ಹೇಳಿಕೊಡುತ್ತಿದ್ದೆ. ಸಿರಿಂಜು ಒತ್ತು, ಮೆಲ್ಲಗೆ. ಪುಡಿ ಉದುರಿಸು, ಒಂದೇ ಕಡೆ ಬೀಳಿಸಬೇಡ. ಒಂದೇ ದಿಕ್ಕಿಗೆ ತಿರುವು, ಬಡಿಯಬೇಡ ಮಾರಾಯ, ಮೊಸರು ಕಡೆಯುತ್ತಿಲ್ಲ ನೀನು! ಆಮೇಲೆ ಗಾಜಿನ ಜಾಡಿ ಮುಚ್ಚಿ ಪಂಪು ಎಳೆಯುತ್ತ ಅವನು, “ಅಕ್ಕಾ, ಮೇರೇ ಬಾಪ್ ದಾದಾ ಯಾರೂ ಈ ಕರ್ಮ ಮಾಡಿರ್ಲಿಕ್ಕಿಲ್ಲ” ಎಂದ. ಅವನ ಹೆಂಡತಿ ಒಲೆಯ ಮುಂದೆ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಹನಿ ತಪ್ಪು ದಾರಿಗೆ ಹೋದರೆ ಹೊಣೆ ನನ್ನದೇ.

ಆಚಾರ್ಯರನ್ನು ಮಣೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಉಳಿದೆಲ್ಲದಕ್ಕೆ ಪಂಚಪಾತ್ರೆಯಲ್ಲಿ ಮಾಮೂಲು ನೀರು, ಆಚಮನಕ್ಕೆ ಮಾತ್ರ ಬೆಳ್ಳಿ ಬಟ್ಟಲು. ಹುಡುಗ ಅಂಗೈಗೆ ಹಾಕಿದ. ಅವರು ಅದನ್ನು ಬೆಳಕಿಗೆ ಹಿಡಿದು ಗುಳ್ಳೆ ಹುಡುಕಿದರು, ಒಂದೂ ಇರಲಿಲ್ಲ. ಗದ್ದ ಎದೆಗೆ ಬಾಗಿಸಿ ತುಟಿ ತಾಗಿಸಿದರು. ಗಂಟಲ ಗಂಟು ಏರಿತು, ನಿಂತಿತು, ಇಳಿಯಿತು. ಕೆಮ್ಮು ಬರುತ್ತದೇನೋ ಎಂದು ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಬರಲಿಲ್ಲ. ಎರಡನೆಯದು. ಮೂರನೆಯದು. ನುಂಗಿದ ಮೇಲೆ ಧ್ವನಿ ಗೊರಗೊರ ಎಂದರೆ ನೀರು ತಪ್ಪು ದಾರಿ ಹಿಡಿದಿದೆ ಎಂದು ತರಬೇತುದಾರಳು ಹೇಳಿದ್ದಳು. ಅದನ್ನೇ ಕಾಯುತ್ತಿದ್ದೆ. ಆಚಾರ್ಯರು ಬಾಯಿ ತೆರೆದು ಸಂಕಲ್ಪ ಶುರು ಮಾಡಿದರು. ಪದಗಳು ತೊದಲುತ್ತಿದ್ದವು, ಧ್ವನಿ ಮಾತ್ರ ಒಣಗಿದ ಹಲಗೆಯ ಹಾಗೆ ಸ್ವಚ್ಛವಾಗಿತ್ತು. ಹೆಂಡತಿಯ ಹೆಸರನ್ನು ಎರಡು ಸಲ ಹೇಳಿ ಮುಂದಕ್ಕೆ ಹೋದರು.

ನಾನು ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಕೂತೆ. ಒಳಗೆ ಮಂತ್ರ ನಡೆಯುತ್ತಿತ್ತು, ಎಳ್ಳು ನೀರು ಬೀಳುವ ಸದ್ದು ಕೇಳುತ್ತಿತ್ತು. ಆ ಮನೆಯ ಸತ್ತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಿದ್ದರು. ಕೆಲಸ ಗೆದ್ದ ದಿನ ಮನುಷ್ಯರು ಯಾರಿಗಾದರೂ ಫೋನು ಮಾಡುತ್ತಾರೆ. ನಾನೂ ಫೋನು ತೆಗೆದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದೆ. ಇದನ್ನು ಮೊದಲಿನಿಂದ ವಿವರಿಸದೆ ಹೇಳಬಹುದಾದ ಒಬ್ಬರೂ ಅದರಲ್ಲಿ ಇರಲಿಲ್ಲ. ಫೋನು ಚೀಲಕ್ಕೆ ಹಾಕಿದೆ.

ಎಲ್ಲ ಮುಗಿದು, ಅವರನ್ನು ಮಂಚಕ್ಕೆ ತಂದು ಮಲಗಿಸುವಾಗ ಮಧ್ಯಾಹ್ನ ಮೀರಿತ್ತು. ಮುಖ ಬಾಡಿತ್ತು, ಆದರೆ ಮಲಗಲು ಒಪ್ಪುತ್ತಿರಲಿಲ್ಲ. ನಾನು ಜಾಡಿ, ಪಂಪು ಚೀಲಕ್ಕೆ ತುಂಬುತ್ತಿದ್ದೆ. ಅವರು ಬೆರಳಿನಿಂದ ಕರೆದರು.

“ನಿನ್ನ ಗೋತ್ರ… ಯಾವದವಾ?”

“ನನ್ನದ್ಯಾಕೆ ಬಂತು ಈಗ?” ಎಂದೆ. “ಶ್ರಾದ್ಧದ ದಿನ ಗೋತ್ರ ಕೇಳೋಕೆ ನಾನಿನ್ನೂ ಸತ್ತಿಲ್ಲ ಆಚಾರ್ಯರೇ.”

ಅವರು ಹುಡುಗನ ಕಡೆ ಕೈ ತೋರಿಸಿದರು. “ಅವಗ ಹೇಳು. ನಾ ಇರೂದಿಲ್ಲ.”

ಹುಡುಗ ಸಂಕೋಚದಿಂದ ಪಂಚೆಯ ಅಂಚು ತಿರುಚುತ್ತಿದ್ದ. “ಅಕ್ಕಾ, ಬುರಾ ಮಾನ್‌ಬ್ಯಾಡ್ರಿ. ನೀವು ಮಾತು ಬಿಟ್ಟಾಗಿಂದ ಒಂದ ಹಟ ಹಿಡದಾರ. ಈಕಿ ನನ್ನ ನೀರಿಗೆ ಒದ್ದಾಡ್ತಾಳ, ಮುಂದ ಈಕಿಗೆ ನೀರ ಬಿಡವರು ಯಾರು ಅಂತ. ನೀವು ಹೋದ ಮ್ಯಾಲ… ಬಹುತ್ ಬಾದ್ ಮೇ, ಅಕ್ಕಾ, ನೂರು ವರ್ಷ ಆದ ಮ್ಯಾಲ… ಪಕ್ಷಮಾಸದಾಗ ನಮ್ಮನಿ ಮಂದಿ ಜೋಡಿ ನಿಮ್ಮ ಹೆಸರೂ ಹೇಳಿ ತರ್ಪಣ ಬಿಡಬೇಕಂತ. ನಾ ಹೂಂ ಅಂದೀನಿ.”

ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಸತ್ತ ಮೇಲೆ ನನಗೆ ಬಾಯಾರಿಕೆಯಾಗುತ್ತದೆಂದು ನನಗೆ ಅನ್ನಿಸಿಲ್ಲ. ಹಾಗೆ ಹೇಳಿಬಿಡೋಣ ಎಂದೇ ಬಾಯಿ ತೆರೆದೆ. ಹೇಳದೆ ಚೀಲದ ಬಾಯಿ ಕಟ್ಟಿದೆ. ನಾನು ಮಹಡಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ದಿನಗಳಲ್ಲಿ ಈ ಮನುಷ್ಯ ಕೆಳಗೆ ಮಲಗಿಕೊಂಡು, ಒಂದು ಹನಿ ನೀರು ನುಂಗಲಾರದೆ, ನನ್ನ ನೀರಿನ ಚಿಂತೆ ಮಾಡುತ್ತಿದ್ದರೇ?

ಕೊನೆಗೆ ಹೇಳಿದೆ. ಗೋತ್ರ ಹೇಳಿದೆ, ಅಪ್ಪನ ಹೆಸರು ಹೇಳಿದೆ, ನನ್ನ ಹೆಸರು ಹೇಳಿದೆ. ಹುಡುಗ ಬಾಯಿಪಾಠ ಮಾಡುವವನ ಹಾಗೆ ಕಣ್ಣು ಮುಚ್ಚಿ ಮೂರನ್ನೂ ಸೇರಿಸಿ ಹೇಳಿದ. ನನ್ನ ಹೆಸರಿನ ಕೊನೆಯ ಸ್ವರವನ್ನು ಹಿಂದಿಯವರ ಹಾಗೆ ನುಂಗಿಬಿಟ್ಟ.

“ತಪ್ಪು,” ಎಂದರು ಆಚಾರ್ಯರು. ಭಾರದ ನಾಲಗೆಯನ್ನು ಎತ್ತಿ ಎತ್ತಿ ನನ್ನ ಹೆಸರನ್ನು ಬಿಡಿಸಿ ಹೇಳಿಕೊಟ್ಟರು. ಹುಡುಗ ಹೇಳಿದ. ಸರಿಯಾಯಿತು.

“ಇನ್ನೊಮ್ಮೆ ಅನ್ನು.”

ಅವನು ಇನ್ನೊಮ್ಮೆ ಅಂದ. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತು ಅಳುತ್ತಿದ್ದೆ.